ಅಳಿಯನ ಮನೆಯ ಕರೆಂಟು

ನಮ್ಮ ಯಜಮಾನರಿಗೆ ಬೆಳಿಗ್ಗೆ ಎದ್ದರೆ ಕಾಫಿ ಬೇಡ, ಪೇಪರ್ ಬೇಡ, ದೇವರೂ ಬೇಡ. ಲುಂಗಿ ಎತ್ತಿ ಕಟ್ಟಿಕೊಂಡು ಹೊರಗೆ ಹೋಗಿ ಕರೆಂಟು ಮೀಟರಿನ ಮುಂದೆ ನಿಲ್ಲಬೇಕು. ಮಹಡಿ ಮೇಲೆ ಸೋಲಾರ್ ಹಾಕಿಸಿದ ದಿನದಿಂದ ಇದೇ ಪೂಜೆ. ಬಿಸಿಲಿದ್ದಾಗ ನಮಗೆ ಬೇಕಾದ್ದಕ್ಕಿಂತ ಹೆಚ್ಚಾದ ಕರೆಂಟು ಬೀದಿ ಕಂಬಕ್ಕೆ ಹೋಗುತ್ತದೆ, ಕತ್ತಲಾದ ಮೇಲೆ ಕಂಬದಿಂದ ನಮ್ಮ ಮನೆಗೆ ಬರುತ್ತದೆ. ಕೊಟ್ಟದ್ದರಲ್ಲಿ ತಗೊಂಡದ್ದನ್ನು ಕಳೆದು, ಮಾರ್ಚ್ ಮುಗಿದಾಗ ಉಳಿದಿರುವ ಯೂನಿಟ್ಟುಗಳಿಗೆ ಕರೆಂಟಿನವರು ದುಡ್ಡು ಕಟ್ಟಿಕೊಡುತ್ತಾರೆ. ನಾವು ಕೊಳ್ಳುವ ದರಕ್ಕಲ್ಲ, ಅದಕ್ಕಿಂತ ಎಷ್ಟೋ ಕಡಿಮೆಗೆ. ಇವರಿಗೆ ಆ ದುಡ್ಡಿನ ಆಸೆ ಇಲ್ಲ ಅಂತ ನಾನು ಆಣೆ ಮಾಡಿ ಹೇಳಬಲ್ಲೆ. ಚನ್ನಪಟ್ಟಣದ ಪೇಟೆಯಲ್ಲಿ ತಮ್ಮ ಗೊಬ್ಬರದಂಗಡಿ ಮುಂದೆ ಕೂತು, "ಎಲ್ರೂ ಕರೆಂಟ್ ಆಫೀಸಿಗೆ ದುಡ್ಡು ಕಟ್ತಾರೆ, ಅವ್ರು ನಂಗೆ ಕಟ್ತಾರೆ" ಅನ್ನುವ ಚಪಲ, ಅಷ್ಟೆ. ಅವರಣ್ಣ ಒಮ್ಮೆ "ಏನ್ಲಾ ಜಯಕುಮಾರ, ತಗಡು ಹಾಕಿಸ್ಕಂಡು ಕುಂತಿದ್ದೀಯ" ಅಂತ ನಕ್ಕಿದ್ದು ಇವರಿಗೆ ಇನ್ನೂ ಅರಗಿಲ್ಲ.

ಇಂಥ ಮನೆಗೆ ನಾನು ನಮ್ಮವ್ವನನ್ನು ಕರೆದುಕೊಂಡು ಬಂದೆ.

ನಮ್ಮವ್ವ ಸರಸಮ್ಮನ ಊರು ಕನಕಪುರದಾಚೆಯ ಉಯ್ಯಂಬಳ್ಳಿ. ಆಯಸ್ಸೆಲ್ಲ ಸೌದೆ ಒಲೆ ಊದಿ ಊದಿ ಎದೆಗೂಡು ಹಾಳಾಗಿದೆ. ದೀಪಾವಳಿ ಕಳೆದ ಮೇಲೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬರತೊಡಗಿತು. ಡಾಕ್ಟರು, ಇನ್ನು ಮೇಲೆ ಹಗಲೂ ರಾತ್ರಿ ಆಕ್ಸಿಜನ್ ಮಿಷನ್ನಿನ ನಳಿಕೆ ಮೂಗಿಗೆ ಇರಲೇಬೇಕು ಅಂದರು. ಅದು ಕರೆಂಟಿನಲ್ಲಿ ಓಡುವ ಮಿಷನ್ನು. ಅಣ್ಣ ಮನೋಹರನ ಮನೆಯಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಅವನು ಬೇಸಾಯಗಾರ, ತೋಟ ಬಿಟ್ಟು ಪೇಟೆಗೆ ಬರುವ ಹಾಗಿಲ್ಲ. ಹೀಗಾಗಿ ಅವ್ವ ನಮ್ಮ ಮನೆಗೆ ಬಂದಳು. ಬಂದಳು ಅನ್ನುವುದಕ್ಕಿಂತ ನಾನೇ ಎಳೆದು ತಂದೆ. "ಮಗ ಇರೋ ಹೊತ್ನಾಗೆ ಮಗ್ಳ ಮನೇಲಿ ಬಿದ್ದಿರದಾ? ನೋಡ್ದೋರು ಏನಂದಾರು?" ಅಂತ ದಾರಿಯುದ್ದಕ್ಕೂ ಕಾರಿನಲ್ಲಿ ಮುಖ ಆಚೆ ತಿರುಗಿಸಿಕೊಂಡೇ ಇದ್ದಳು.

ಅಳಿಯನ ಮುಂದೆ ಅವ್ವ ಎಂದೂ ಕುರ್ಚಿಯ ಮೇಲೆ ಕೂತವಳಲ್ಲ. ಇವರು ಎದುರಿಗೇ ಇದ್ದರೂ "ಅಳಿಯಂದ್ರು ಉಂಡ್ರಾ, ಕೇಳವ್ವ" ಅಂತ ನನ್ನ ಕಡೆ ತಿರುಗಿ ಕೇಳುವಳು. ಇವರೂ ನನ್ನ ಕಡೆ ತಿರುಗಿಯೇ "ಉಂಡೆ ಅಂತ ಹೇಳು" ಅನ್ನುವರು. ಇಬ್ಬರ ನಡುವೆ ನಾನು ಟೆಲಿಫೋನ್ ಕಂಬ.

ಅಂಥ ಅವ್ವ ಒಂದು ರಾತ್ರಿ ಊಟದ ಹೊತ್ತಿನಲ್ಲಿ ತಾನಾಗಿಯೇ ಬಾಯಿ ಬಿಟ್ಟಳು. ಇವರು ಮುದ್ದೆ ಮುರಿಯುತ್ತ ತಮ್ಮ ದಿನದ ಪುರಾಣ ತೆಗೆದಿದ್ದರು. "ಈ ತಿಂಗ್ಳು ಪ್ಲಸ್ಸೇ ಇಲ್ಲ ಕಣೆ ರಾಧಾ. ಹುಟ್ಟಿದ್ದೆಲ್ಲ ಒಳಗೇ ಹೋಯ್ತಾ ಐತೆ."

"ಹಂಗಂದ್ರೆ ಏನು ಅಳಿಯಂದ್ರೆ?" ಅಂದಳು ಅವ್ವ.

ಇವರಿಗೆ ಸ್ವರ್ಗ ಮೂರೇ ಗೇಣು. ನಾನು ಎಂದೂ ಪೂರ್ತಿ ಕೇಳದ ಕಥೆಯನ್ನು ಕೇಳುವ ಒಬ್ಬರು ಸಿಕ್ಕರಲ್ಲ! ಸೂರ್ಯ, ತಗಡು, ಮೀಟರು, ಮಾರ್ಚು, ಎಲ್ಲವನ್ನೂ ಬಿಡಿಸಿ ಹೇಳಿದರು. "ಮಧ್ಯಾಹ್ನದ ಬಿಸ್ಲೇ ಬಂಗಾರ ಅತ್ತೆ. ಆಗ ಮನೆ ಒಳಗೆ ಏನೂ ಓಡ್ದೆ ಇದ್ರೆ ಪೂರ್ತಿ ಹೊರಕ್ಕೇ." ಅವ್ವ ತಲೆಯಾಡಿಸುತ್ತ ಕೇಳಿದಳು. ಕೊನೆಗಾದರೂ ಅತ್ತೆ ಅಳಿಯ ಮುಖ ನೋಡಿ ಮಾತಾಡಿದರಲ್ಲ ಅಂತ ನನಗೆ ಎಷ್ಟು ಖುಷಿಯಾಯಿತೆಂದರೆ, ಇವರಿಗೆ ಕೇಳದೆಯೇ ಇನ್ನೊಂದು ಸೌಟು ತುಪ್ಪ ಹಾಕಿದೆ. ಆ ತುಪ್ಪ ನೆನೆದರೆ ಈಗಲೂ ಮೈ ಉರಿಯುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಅವ್ವನ ಉಸಿರು ಕೆಡತೊಡಗಿತು. ಸಂಜೆ ನಾನು ಟೈಲರಿಂಗ್ ಅಂಗಡಿ ಮುಚ್ಚಿ ಬಂದರೆ ತುಟಿ ಕಪ್ಪಿಟ್ಟಿರುತ್ತಿತ್ತು. ಬೆರಳಿಗೆ ಹಾಕುವ ಕ್ಲಿಪ್ಪಿನಲ್ಲಿ ಆಕ್ಸಿಜನ್ ಅಂಕಿ ತೊಂಬತ್ತರ ಮೇಲಿರಬೇಕಾದ್ದು ಎಂಬತ್ತನಾಲ್ಕು, ಎಂಬತ್ತಮೂರು. ಮಿಷನ್ನು ಮಾತ್ರ ಪಕ್ಕದಲ್ಲೇ ಗುರ್ ಗುರ್ ಅಂತ ಓಡುತ್ತಿದೆ, ನಳಿಕೆ ಮೂಗಿನಲ್ಲೇ ಇದೆ. ಇದೇನು ಮಾಯೆ? ನನಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಬ್ಲೌಸಿಗೆ ತೋಳು ಹಚ್ಚುತ್ತ ಹಚ್ಚುತ್ತ ಎದ್ದು ಫೋನ್ ಮಾಡುತ್ತಿದ್ದೆ. "ಚೆನ್ನಾಗಿವ್ನಿ ಕಣವ್ವ, ನೀನ್ ಕೆಲ್ಸ ನೋಡ್ಕೊ" ಅನ್ನುವಳು. ಅಷ್ಟು ಹೇಳುವುದರಲ್ಲಿ ಮೂರು ಸಲ ಉಸಿರು ಕಟ್ಟುತ್ತಿತ್ತು. ಒಂದು ದಿನ ಎಡದ ತೋಳನ್ನು ಬಲಕ್ಕೆ ಹೊಲಿದು, ಗಿರಾಕಿಯಿಂದ ಬೈಸಿಕೊಂಡೆ.

ಮಿಷನ್ನು ಬಾಡಿಗೆಗೆ ಕೊಟ್ಟಿದ್ದ ಬಾಬಾಜಾನ್ ಸಾಹೇಬರ ಅಂಗಡಿಗೆ ಹೋಗಿ ಕೂಗಾಡಿದೆ. "ತಾತನ ಕಾಲದ್ ಮಿಷನ್ ಕೊಟ್ಟಿದ್ದೀರ, ಗಾಳೀನೇ ಬರಲ್ಲ" ಅಂದೆ. ಪಾಪ, ಆ ಮನುಷ್ಯ ಎದುರು ಮಾತಾಡದೆ ಹೊಸದೊಂದನ್ನು ತಂದು, ತಾವೇ ಜೋಡಿಸಿ ಹೋದರು. ಹೊಸದರಲ್ಲೂ ಅದೇ ಕಥೆ. ಡಾಕ್ಟರು ಎದೆಯ ಫೋಟೋ ಇನ್ನೊಮ್ಮೆ ತೆಗೆಸಿದರು. "ಮಿಷನ್ ಸರಿಯಾಗಿ ಹಾಕ್ಕೋತಾ ಇದ್ದಾರಾ?" ಅಂದರು. "ಬಿಚ್ಚೋದೇ ಇಲ್ಲ ಸಾರ್" ಅಂದೆ. "ಹಾಗಾದ್ರೆ ಕಾಯಿಲೆ ಮುಂದಕ್ಕೆ ಹೋಗಿದೆ. ಹೀಗೇ ಇಳಿದ್ರೆ ಹೃದಯಕ್ಕೆ ಕಷ್ಟ, ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದುಬಿಟ್ಟರು. ರಾಮನಗರದ ಆ ಆಸ್ಪತ್ರೆಯಿಂದ ಮನೆಯವರೆಗೂ ನಾನು ಅವ್ವನ ಕೈ ಬಿಡಲಿಲ್ಲ. ಅವ್ವನನ್ನು ಕಳೆದುಕೊಳ್ಳುತ್ತೇನೆ ಅನ್ನುವ ಭಯ ಏನು ಅಂತ ಅವತ್ತು ನನಗೆ ಗೊತ್ತಾಯಿತು.

ಇವರಿಗೂ ಸಂಕಟ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಚಪಲ ಬಿಡಬೇಕಲ್ಲ. "ಈಗೀಗ ಒಸಿ ಪ್ಲಸ್ ಆಯ್ತಾ ಐತೆ ನೋಡು. ಬಿಸ್ಲು ಏರಿರೋದ್ಕೆ" ಅಂತ ಊಟದ ಹೊತ್ತಿಗೆ ಹೇಳಿದರು. ಅವ್ವನ ಮುಖದಲ್ಲಿ ಒಂದು ಸಣ್ಣ ನಗು ಬಂತು. ನಾನು ನೋಡಿದೆ, ನನಗೆ ಹೊಳೆಯಲಿಲ್ಲ.

ಮಾರ್ಚ್ ಮಧ್ಯದ ಒಂದು ದಿನ ಗಿರಾಕಿಯೊಬ್ಬಳ ಅಳತೆ ಬ್ಲೌಸನ್ನು ಮನೆಯಲ್ಲೇ ಬಿಟ್ಟಿದ್ದೆ. ತರಲು ಹನ್ನೆರಡರ ಸುಮಾರಿಗೆ ಹೋದೆ. ಗೇಟಿಗೆ ಅಡ್ಡಲಾಗಿ ನೀರಿನ ಟ್ಯಾಂಕರ್ ನಿಂತಿತ್ತು, ಹಿಂದಿನ ಬಾಗಿಲಿಂದ ಒಳಗೆ ಬಂದೆ. ಅಡುಗೆಮನೆ ದಾಟುವಾಗ ತಟ್ಟನೆ ನಿಂತೆ. ಮಿಷನ್ನಿನ ಸದ್ದೇ ಇಲ್ಲ. ಕರೆಂಟು ಹೋಗಿದೆಯೇನೋ ಅಂದರೆ ಫ್ರಿಜ್ಜಿನ ದೀಪ ಉರಿಯುತ್ತಿದೆ. ರೂಮಿಗೆ ಓಡಿದೆ. ಮಿಷನ್ನು ಆಫ್ ಆಗಿತ್ತು. ನಳಿಕೆಯನ್ನು ನೀಟಾಗಿ ಸುತ್ತಿ ಕಿಟಕಿಯ ಸರಳಿಗೆ ಸಿಕ್ಕಿಸಿತ್ತು. ಅವ್ವ ಮಂಚದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿ ತೆರೆದು, ಬಾಗಿ ಕೂತು ಉಸಿರೆಳೆಯುತ್ತಿದ್ದಳು. ಫ್ಯಾನೂ ಆಫು.

ಹಾಗೂ ಹೀಗೂ ನಳಿಕೆ ಹಾಕಿ ಸ್ವಿಚ್ ಒತ್ತಿದೆ. ಕ್ಲಿಪ್ಪಿನ ಅಂಕಿ ಮೇಲೆ ಬರುವವರೆಗೂ ಅದನ್ನೇ ನೋಡುತ್ತ ನಿಂತೆ. ಆಮೇಲೆ ನನ್ನ ಬಾಯಿಂದ ಹೊರಟಿದ್ದು ಮಾತಲ್ಲ, ಕಿರುಚಾಟ.

"ಬಡ್ಕೋಬ್ಯಾಡ, ಟ್ಯಾಂಕರಿನೋರಿಗೆ ಕೇಳ್ತದೆ" ಅಂದಳು ಅವ್ವ. "ಬಿಸ್ಲಿರೋ ಗಂಟ ತಾನೆ? ಸಂಜೆ ಹಾಕ್ಕೋತೀನಲ್ಲ. ರಾತ್ರಿನೂ ಹಾಕ್ಕೋತೀನಿ. ನಾನ್ ಬರೋಕ್ ಮುಂಚೆ ಅಳಿಯಂದ್ರು ಕಂಬಕ್ಕೆ ಅಷ್ಟೊಂದು ಕೊಡ್ತಿದ್ರಂತೆ. ನಾನ್ ಬಂದು ಎಲ್ಲಾ ಕುಡ್ದ್‌ಬುಟ್ಟೆ. ಉಣ್ಣೋದೂ ಅವ್ರ ಮನೇಲಿ, ಉಸ್ರಾಡೋದೂ ಅವ್ರ ಕರೆಂಟ್ನಾಗೆ. ಎಷ್ಟಂತ?" ಸ್ವಲ್ಪ ಸುಧಾರಿಸಿಕೊಂಡು, "ಮಾರ್ಚಿ ಮುಗೀಲಿ. ಅವ್ರಿಗೂ ಒಂದು ಸಂತೋಸ. ಹೇಳ್ಬ್ಯಾಡ ಕಣವ್ವ" ಅಂದಳು.

ಗೇಟಿನ ಸದ್ದಾದ ಕೂಡಲೇ ಮಿಷನ್ನು ಹಾಕಿಕೊಳ್ಳುತ್ತಿದ್ದಳಂತೆ. ಹೆತ್ತ ತಾಯಿ ನನ್ನ ಮನೆಯಲ್ಲಿ ಉಸಿರನ್ನು ಕದ್ದು ಕಟ್ಟುತ್ತಿದ್ದಳು, ನಾನು ಊರವರನ್ನೆಲ್ಲ ಬೈದುಕೊಂಡು ತಿರುಗಿದೆ.

ಹೇಳದೆ ಬಿಡುತ್ತೇನೆಯೇ? ಪಕ್ಕದ ಮನೆಯವರನ್ನು ಅವ್ವನ ಹತ್ತಿರ ಕೂರಿಸಿ, ಸೀದಾ ಗೊಬ್ಬರದಂಗಡಿಗೆ ಹೋದೆ. ಗಿರಾಕಿಗಳಿದ್ದಾರೆ ಅನ್ನುವುದನ್ನೂ ನೋಡಲಿಲ್ಲ. "ನಿಮ್ ಮೀಟ್ರು ನಮ್ಮವ್ವನ್ ಉಸ್ರು ತಿಂತಾ ಐತೆ, ಬಂದು ನೋಡಿ" ಅಂದೆ. ವಿಷಯ ತಿಳಿದು ಇವರು ಯೂರಿಯಾ ಮೂಟೆಯ ಮೇಲೆ ಕೂತುಬಿಟ್ಟರು. "ನಾನೇನಂದೆ ರಾಧಾ? ಒಂದು ಮಾತೂ ಆಡಿಲ್ಲ. ಬರೀ ಮೀಟ್ರು ಓದ್ದೆ" ಅಂದರು. ನಿಜ. ಓದಿದ್ದೇ ಸಾಕಾಗಿತ್ತು.

ಅವತ್ತು ಸಂಜೆ ಅವ್ವನ ಮಂಚದ ಪಕ್ಕ ಕೂತು ತಿಳಿಸಿ ಹೇಳಿದರು. ಹಗಲಿನ ಯೂನಿಟ್ಟಾದರೂ ರಾತ್ರಿಯ ಯೂನಿಟ್ಟಾದರೂ ಲೆಕ್ಕ ಒಂದೇ ಅಂದರು. ವರ್ಷದ ಕೊನೆಗೆ ಬರುವುದು ಪುಡಿಗಾಸು, ಅದರಿಂದ ಒಂದು ಮೂಟೆ ಗೊಬ್ಬರವೂ ಬರಲ್ಲ ಅಂದರು. ಅವ್ವ ಎಲ್ಲಕ್ಕೂ "ಆಯ್ತು ಅಳಿಯಂದ್ರೆ" ಅಂದಳು. ಆ 'ಆಯ್ತು' ನನಗೆ ಗೊತ್ತು. ಅದನ್ನು ಅವಳು ಹಿಂದೊಮ್ಮೆ ಊರಿನಲ್ಲಿ ಇಂಜೆಕ್ಷನ್ ಕೊಡಲು ಬಂದ ನರ್ಸಿಗೂ ಹೇಳಿದ್ದಳು, ಹೇಳಿ ಹಿಂಬಾಗಿಲಿಂದ ಜಾರಿಕೊಂಡಿದ್ದಳು.

ಮಾರನೆಯ ದಿನ ಅಂಗಡಿಯಲ್ಲಿ ನನಗೆ ಮುಳ್ಳಿನ ಮೇಲೆ ಕೂತ ಹಾಗಿತ್ತು. ಹನ್ನೆರಡಕ್ಕೇ ಕತ್ತರಿ ಎಸೆದು ಎದ್ದೆ. ಮನೆ ಮುಂದೆ ನೋಡಿದರೆ ಇವರ ಸ್ಕೂಟರೂ ಆಗತಾನೆ ಬಂದು ನಿಂತಿದೆ. ಇಬ್ಬರೂ ಹಿಂದಿನ ಬಾಗಿಲಿಂದ ಒಳಗೆ ಹೋದೆವು. ಮನೆ ಮೌನವಾಗಿತ್ತು. ನಳಿಕೆ ಕಿಟಕಿಯ ಸರಳಿನಲ್ಲಿತ್ತು.

ನಾನು ಬಾಯಿ ತೆರೆಯುವ ಮೊದಲೇ ಇವರು ತಿರುಗಿ ಮೆಟ್ಟಿಲ ಕೆಳಗಿನ ಸೋಲಾರ್ ಪೆಟ್ಟಿಗೆಯ ಹತ್ತಿರ ಹೋದರು. ದಢಕ್ಕಂತ ಅದರ ಸ್ವಿಚ್ ಕೆಳಗೆಳೆದರು. ಹಸಿರು ದೀಪ ಆರಿತು. ಬಂದು ಅವ್ವನ ಮಂಚದ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಏನಾಯ್ತು ಅಳಿಯಂದ್ರೆ?"

"ಸೋಲಾರ್ ಆಫ್ ಮಾಡ್ದೆ. ಮನೆಗೆ ಕಂಬದ ಕರೆಂಟೇ ಬರ್ಲಿ, ಇವತ್ತು ಕಂಬಕ್ಕೆ ಒಂದು ಯೂನಿಟ್ಟೂ ಹೋಗಲ್ಲ. ನಿಮ್ದು ಆಫಿದ್ರೆ ನಂದೂ ಆಫು ಅತ್ತೆ."

ಅವ್ವ ಕಿಟಕಿಯಾಚೆ ನೋಡಿದಳು. ಬಿಸಿಲು ಬೆಂಕಿಯಾಗಿ ಸುರಿಯುತ್ತಿತ್ತು. ಒಂದು ಕಾಳು ರಾಗಿ ಕಣದಲ್ಲಿ ಬಿದ್ದರೂ ಬಾಗಿ ಆರಿಸುವ ಹೆಂಗಸು ಅವಳು. "ಅಯ್ಯೋ, ಇಂಥಾ ಬಿಸ್ಲು ದಂಡ ಆಯ್ತದಲ್ಲಪ್ಪ. ಹಾಕಿ ಅಳಿಯಂದ್ರೆ."

"ಆಗ್ಲಿ ಬುಡಿ."

ಅವ್ವ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅಲ್ಲಿ ನಿಂತಿರಲು ನಾನು ಪಟ್ಟ ಕಷ್ಟ ನನಗೇ ಗೊತ್ತು. ಕೊನೆಗೆ ಅವಳು ಕೈ ಚಾಚಿ ನಳಿಕೆ ತೆಗೆದು ಮೂಗಿಗೆ ಹಾಕಿಕೊಂಡಳು. ನಾನು ಹಾರಿಹೋಗಿ ಮಿಷನ್ ಹಾಕಿದೆ. ಇವರು ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಹಾಕ್ಕಂಡೆನಲ್ಲ, ಹೋಗಿ" ಅಂದಳು ಅವ್ವ.

"ಒಂದ್ ಮಾತ್ ಕೇಳ್ತೀನಿ. ಮನೋಹರನ ಮನೇಲಿ ನಾನ್ ಓದ್ದಂಗೆ ಅವ್ನು ದಿನಾ ಮೀಟ್ರು ಓದಿದ್ರೆ ನೀವೇನ್ ಮಾಡ್ತಿದ್ರಿ?"

"ಅವ್ನ್ಗಾ? ಸರಿಯಾಗಿ ಉಗೀತಿದ್ದೆ."

"ಮತ್ತೆ ನಂಗ್ಯಾಕೆ ಉಗೀಲಿಲ್ಲ?" ಇವರು ಮಂಚದ ಹತ್ತಿರ ಸರಿದರು. "ನಾನೇನ್ ಪಾಪ ಮಾಡಿದ್ದೆ ಅತ್ತೆ? ನಂಗೂ ಉಗೀರಿ."

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಶುರು ಮಾಡಿದಳು ನೋಡಿ.

"ಅಲ್ಲ ಕಣೋ ಕುಮಾರ, ಉಣ್ಣೋ ಹೊತ್ನಾಗೆ ಯೂನಿಟ್ಟು ಯೂನಿಟ್ಟು ಅಂತ ಬಡ್ಕೋತೀಯಲ್ಲ, ಬಾಯಿ ಮುಚ್ಕಂಡು ಉಣ್ಣೋಕೆ ಏನೋ ದಾಡಿ ನಿಂಗೆ? ಮನೇಲಿ ಒಬ್ಳು ಮುದ್ಕಿ ಉಸ್ರಿಗ್ ಒದ್ದಾಡ್ತಾವ್ಳೆ, ನೀನ್ ಕಂಬದ್ ಲೆಕ್ಕ ಓದ್ತೀಯ! ನಿಮ್ಮವ್ವ ಬುದ್ಧಿ ಕಲಿಸ್ಲಿಲ್ವಾ? ನಿಂಗೆ ಕಲಿಸ್ಲಿಲ್ಲ ಅಂದ್ರೆ ನಾನ್ ಕಲಿಸ್ತೀನಿ, ಕೂತ್ಕೊ ಇಲ್ಲೆ."

ಮೀಟರಿನಿಂದ ಹಿಡಿದು ಮದುವೆಯಲ್ಲಿ ಇವರ ಕಡೆಯವರು ಬಾಳೆಲೆ ಸಾಲದೆಂದು ಮಾಡಿದ ರಂಪದವರೆಗೂ, ಹೊಟ್ಟೆಯಲ್ಲಿ ಇಟ್ಟುಕೊಂಡದ್ದೆಲ್ಲವನ್ನೂ ತೆಗೆದು ಬೈದಳು. ಇವರು ತಲೆ ತಗ್ಗಿಸಿ, ಕಣ್ಣು ಒರೆಸಿಕೊಂಡು, ನಗುತ್ತ ಕೇಳುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತು ಅಳುತ್ತಿದ್ದೆ. ಸೋಲಾರ್ ಮತ್ತೆ ಹಾಕಬೇಕು ಅನ್ನುವುದು ಹೊತ್ತು ಮುಳುಗುವವರೆಗೂ ನಮ್ಮ ಯಜಮಾನರಿಗೂ ನೆನಪಾಗಲಿಲ್ಲ.