ಕೋಶಕೇಂದ್ರದೊಳಗಿನ ಕೊಬ್ಬು

"ಈ ಸಲ ಲ್ಯಾಮಿಂಗ್ಟನ್ ನೀನೇ ತರ್ಬೇಕಪ್ಪಾ, ಮನೋಲಿ. ಕೋಶಕೇಂದ್ರದಲ್ಲಿ ಕೊಬ್ಬು ಕಂಡೆ ಅಂತೀಯಲ್ಲ, ಅದು ನಿಮ್ಮಪ್ಪನ ಮೀನಂಗಡಿ ಬಾಣಲೇದು. ಕೈ ತೊಳ್ಕೊಂಡು ಬಾ!"

ಪ್ರೊಫೆಸರ್ ಗ್ಯಾವಿನ್ ಮಾತಿಗೆ ಸೋಮವಾರದ ಸಭೆ ಗೊಳ್ಳೆಂದಿತು. ಅಡಿಲೇಡಿನ ಆ ಪ್ರಯೋಗಾಲಯದಲ್ಲಿ ಯಾರ ಮಾದರಿ ಕಲಬೆರಕೆಯಾಯಿತೋ ಅವರು ಎಲ್ಲರಿಗೂ ಲ್ಯಾಮಿಂಗ್ಟನ್, ಅಂದರೆ ಕೊಬ್ಬರಿ ಮೆತ್ತಿದ ಚಾಕೊಲೇಟ್ ಕೇಕು, ತರಬೇಕು. ಗ್ಯಾವಿನ್ ಅವರೇ ಮಾಡಿದ ಕಟ್ಟಳೆ. ಅವರ ಲೆಕ್ಕದಲ್ಲಿ ಕೊಬ್ಬೆಂದರೆ ಪೊರೆ ಕಟ್ಟುವ ಇಟ್ಟಿಗೆ, ಅಷ್ಟೇ. ವಂಶವಾಹಿಗಳಿರುವ ಒಳಕೋಣೆಯಲ್ಲಿ ಅದಕ್ಕೇನು ಕೆಲಸ? ಮನೋಲಿ ಹೇಳುತ್ತಿದ್ದುದೇ ಬೇರೆ: ಕೋಶಕ್ಕೆ ಪೆಟ್ಟು ಬಿದ್ದಾಗ ಒಳಗೇ ಇರುವ ಆ ಕೊಬ್ಬು ಸುದ್ದಿ ಮುಟ್ಟಿಸುತ್ತದೆ, ರಿಪೇರಿಗೆ ಕೂಗಿ ಕರೆಯುತ್ತದೆ.

"ಹಂಗಾದ್ರೆ ಪೊರೆ ಸುಲಿದ್ಮೇಲೂ ಒಳಗೆ ಕೊಬ್ಬು ಉಳಿಯೋದನ್ನ ತೋರ್ಸು, ಶುಕ್ರವಾರದೊಳಗೆ," ಎಂದರು ಗ್ಯಾವಿನ್. "ಆಗ್ಲಿಲ್ವಾ, ನಿನ್ನ ಪಿಎಚ್‌ಡಿ ವಿಷಯ ಕಸದ ಬುಟ್ಟಿಗೆ."

ಮನೋಲಿಯ ಕಿವಿ ಕಾದ ಕಬ್ಬಿಣವಾಯಿತು. ಅಪ್ಪ ಕುದಿಯುವ ಎಣ್ಣೆಯ ಮುಂದೆ ನಿಂತು ಮೀನು ಕರಿದ ದುಡ್ಡಿನಲ್ಲಿ ಓದಿದವನು ಅವನು. ಸಭೆ ಮುಗಿದಿದ್ದೇ ನೇರ ಪ್ರಯೋಗದ ಮೇಜಿಗೆ ನಡೆದ.

ಅರ್ಧ ಕೋಶಗಳಿಗೆ ಅತಿನೇರಳೆ ಬೆಳಕಿನ ಪೆಟ್ಟು ಕೊಟ್ಟ, ಅರ್ಧವನ್ನು ಹಾಗೇ ಬಿಟ್ಟ. ಆಮೇಲೆ ಎಲ್ಲದರ ಕೇಂದ್ರಗಳನ್ನೂ ಸೋಪಿನಂಥ ದ್ರಾವಣದಲ್ಲಿ ಅದ್ದಿ ಪೊರೆ ಸುಲಿದ. ಸಾಲದೆಂದು ಮತ್ತೊಮ್ಮೆ ಅದ್ದಿದ. ಆ ಕೊಬ್ಬಿಗಷ್ಟೇ ಅಂಟುವ ಹಸಿರು ಬಣ್ಣ ಹಾಕಿ, ಗಾಜುಗಳನ್ನು ಸಹಪಾಠಿ ಬ್ರಾನ್ವಿನ್ ಕೈಗಿತ್ತ.

"ಹೆಸರು ಕಾಣದ ಹಾಗೆ ಪಟ್ಟಿ ಅಂಟ್ಸಿ ಅದಲುಬದಲು ಮಾಡಿಡೇ. ನಂಗೂ ಗೊತ್ತಾಗ್ಬಾರದು."

"ಸೋತ್ರೆ?"

"ಕೇಕು ಅಪ್ಪನ ಎಣ್ಣೇಲೇ ಕರಿದು ತರ್ತೀನಿ."

ಶುಕ್ರವಾರ ಎಲ್ಲರೂ ಸುತ್ತುವರಿದರು. ಗ್ಯಾವಿನ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಕತ್ತಲೆ... ಇದೂ ಕತ್ತಲೆ... ಅರೆ, ಇದರೊಳಗೆ ನಕ್ಷತ್ರ ಚೆಲ್ಲಿದ ಹಾಗಿದೆ! ಸುಲೀದೇ ಇರೋದನ್ನ ಇಟ್ಟಿದ್ದೀರಿ ತಾನೇ?"

ಬ್ರಾನ್ವಿನ್ ಪಟ್ಟಿ ಕಿತ್ತಳು. ಒಂದು, ಇನ್ನೊಂದು, ಮತ್ತೊಂದು.

"ಎಲ್ಲಾ ಸುಲಿದಿದ್ದೇ, ಗ್ಯಾವಿನ್. ನೀವು ಹೊಳೀತಿದೆ ಅಂದಿದ್ದೆಲ್ಲ ಪೆಟ್ಟು ತಿಂದವು. ಕಲಬೆರಕೆ ಆಗಿದ್ರೆ ಎಲ್ಲಾ ಒಂದೇ ಸಮ ಹೊಳೀಬೇಕಿತ್ತಲ್ವಾ?"

ಗ್ಯಾವಿನ್ ಮತ್ತೆ ಬಗ್ಗಿ ನೋಡಿದರು. ಹೊಳೆಯುತ್ತಿದ್ದ ಗಾಜುಗಳ ಹೆಸರನ್ನು ಒಂದೊಂದಾಗಿ ತಾಳೆ ಹಾಕಿದರು. ತಲೆ ಎತ್ತಿದಾಗ ಮುಖ ಬೆಳ್ಳಗಾಗಿತ್ತು. "ನಿಜ," ಎಂದರು. "ಒಳಗಿನದೇ."

"ಹಂಗಾದ್ರೆ ಕೇಕು ಯಾರ್ದು?" ಹಿಂದಿನಿಂದ ಯಾರೋ ಕೂಗಿದರು. ಕೋಣೆಗೆ ಕೋಣೆಯೇ ಮೇಜು ಗುದ್ದಿತು.

ಗ್ಯಾವಿನ್ ತಾವೇ ಕೆಳಗಿನ ಬೇಕರಿಗೆ ಇಳಿದು ಡಬ್ಬಿ ಹಿಡಿದು ಬಂದರು. ಎಲ್ಲರೆದುರು ಮೊದಲು ಮನೋಲಿಗೆ ಚಾಚಿದರು.

"ಏನಪ್ಪಾ, ಇನ್ನೂ ಸಿಟ್ಟಾ? ನಿಮ್ಮಪ್ಪನ ಅಂಗಡಿ ಎಲ್ಲಿ ಹೇಳು, ಎಲ್ಲಾ ಸೇರಿ ಮೀನು ತಿನ್ನೋಣ."

ಮನೋಲಿ ದೊಡ್ಡದೊಂದು ಲ್ಯಾಮಿಂಗ್ಟನ್ ಆರಿಸಿಕೊಂಡ. ಇನ್ನೊಂದನ್ನು ಅಪ್ಪನಿಗೆಂದು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟ. ಪ್ರೊಫೆಸರರ ಕೋಟಿನ ಮೇಲೆ ಕೊಬ್ಬರಿ ಉದುರಿದ್ದನ್ನು ಒಮ್ಮೆ ನೋಡಿ, ಅಂಗಡಿ ಎಲ್ಲಿದೆಯೆಂದು ಹೇಳದೆಯೇ ಬಾಗಿಲು ತಳ್ಳಿಕೊಂಡು ಹೊರಟೇ ಹೋದ.