ಕೀಲಿಗೆ ಎಣ್ಣೆ

ಆರು ವರ್ಷ ನಮ್ಮ ಬೈಂಡಿಂಗ್ ಕಾರ್ಖಾನೆಯ ಮೇಸ್ತ್ರಿ ಮಡಿಕೆ ಮೇಜಿನ ಹೆಂಗಸರಿಗೆ ದಿನಾ ಬೆಳಿಗ್ಗೆ, ಖಾಲಿ ಹೊಟ್ಟೆಯ ಮೇಲೆ, ಕೀಲುನೋವಿನ ಮಾತ್ರೆ ನುಂಗಿಸಿದ. ಯಾವ ಮಾತ್ರೆ ಎಂದು ಅವನು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಕೇಳುವುದಕ್ಕೆ ಅದು ಮಾತ್ರೆ ಅಂತ ನಮಗೆ ಅನ್ನಿಸಬೇಕಿತ್ತಲ್ಲ. ಬೆಳಿಗ್ಗೆ ಬಾಗಿಲು ತೆಗೆದವನೇ ಅವನು ಕಟಿಂಗ್ ಮಷಿನ್ನಿನ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದ. ಆಮೇಲೆ ಮಾತ್ರೆಯ ಡಬ್ಬಿ ಹಿಡಿದು ನಮ್ಮ ಮೇಜಿಗೆ ಬರುತ್ತಿದ್ದ. “ಅದಕ್ಕಾಯ್ತು. ಈಗ ನಿಮ್ಮ ಕೀಲಿಗೆ.” ಮೊದಲ ದಿನ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅವತ್ತಿನಿಂದ ಅದರ ಹೆಸರು ಎಣ್ಣೆ.

“ಏನೇ, ಇವತ್ತು ಎಣ್ಣೆ ಬಿತ್ತಾ?”

“ನಂಗೆ ಎರಡು ಹೊಯ್ಯೋಕೆ ಹೇಳೇ, ಕಿರ್ ಅಂತಿದೆ ಮೊಣಕಾಲು!”

ಆ ಮೇಜಿನ ಮೊದಲ ಜಾಗದಲ್ಲಿ ಕೂರುತ್ತಿದ್ದವಳು ನನ್ನ ಚಿಕ್ಕಮ್ಮ. ತಾಯಿಯಿಲ್ಲದ ನನ್ನನ್ನು ಸಾಕಿದವಳು, ಕೆಲಸಕ್ಕೆ ಹಚ್ಚಿದವಳು. ದೊಡ್ಡ ಹಾಳೆಯನ್ನು ಮೂರು ಮಡಿಕೆ ಮಾಡಿ ಹದಿನಾರು ಪುಟದ ಫಾರಂ ಮಾಡುವುದು ನಮ್ಮ ಕೆಲಸ. ಮಡಿಕೆಯ ಮೇಲೆ ಅವಳು ಹೆಬ್ಬೆರಳ ಉಗುರಿನಿಂದ ಒಂದು ಗೆರೆ ಎಳೆದರೆ ಹಾಳೆ ಮತ್ತೆ ಬಾಯಿ ಬಿಡುತ್ತಿರಲಿಲ್ಲ. ನಾನು ಓದು ಕಲಿತದ್ದು ಅಲ್ಲೇ, ಹದಿನಾರು ಹದಿನಾರು ಪುಟವಾಗಿ. ಕಥೆಯ ಮುಂದಿನ ಫಾರಂ ಆಚೆ ಮೇಜಿಗೆ ಹೋಗಿರುತ್ತಿತ್ತು. “ಆಮೇಲೇನಾಯ್ತು ಚಿಕ್ಕಮ್ಮಾ?” ಅಂದರೆ, ಕೈ ನಿಲ್ಲಿಸದೆ ಒಂದು ಕೊನೆ ಕಟ್ಟಿ ಹೇಳುತ್ತಿದ್ದಳು. ಅವಳ ಕಥೆಗಳಲ್ಲಿ ಸಾಹುಕಾರರೆಲ್ಲ ಬಾವಿಗೆ ಬೀಳುತ್ತಿದ್ದರು. ಅಂಟಿನ ಹುಳಿವಾಸನೆ, ಕಿಟಕಿಯ ಬಿಸಿಲಲ್ಲಿ ತೇಲುವ ಕಾಗದದ ಧೂಳು, ಹನ್ನೊಂದು ಹೆಂಗಸರ ನಗು. ಆ ನಗು ನೆನಪಾದರೆ ಈಗಲೂ ಹಿತವಾಗುತ್ತದೆ. ನಾವು ನಗುತ್ತಿದ್ದದ್ದು ಯಾತಕ್ಕೆ ಅಂತ ನೆನಪಾದರೆ ಮೈ ಉರಿಯುತ್ತದೆ.

ಆರನೆಯ ವರ್ಷ ಚಿಕ್ಕಮ್ಮನ ಬೆರಳ ಗೆಣ್ಣುಗಳು ಊದಿಕೊಂಡವು. ನಾನೇ ಡಾಕ್ಟರ ಹತ್ತಿರ ಕರೆದೊಯ್ದೆ.

“ಸಂಧಿವಾತ ಅಮ್ಮಾ. ಬೇರೆ ಔಷಧಿ ಏನಾದ್ರೂ ತಗೋತಿದ್ದೀರಾ?”

“ಔಷಧಿ ಗಿಷಧಿ ಏನಿಲ್ಲ ಡಾಕ್ಟ್ರೇ. ಬೆಳಿಗ್ಗೆ ಒಂಚೂರು ಎಣ್ಣೆ, ಅಷ್ಟೇ.”

“ಎಣ್ಣೆ ಒಳ್ಳೇದೇ. ಬಿಸಿ ಮಾಡಿ ಹಚ್ಕೊಳ್ಳಿ,” ಅಂದು ಅವರು ಚೀಟಿ ಬರೆದರು.

ನಾನು ಪಕ್ಕದಲ್ಲೇ ಕೂತಿದ್ದೆ. ಅವಳು ಸುಳ್ಳು ಹೇಳಿದಳು ಅಂತ ನನಗೂ ಅನ್ನಿಸಲಿಲ್ಲ.

ಹೀಗೆ ಬೆಳಿಗ್ಗೆ ಮೇಸ್ತ್ರಿಯದೊಂದು, ಊಟವಾದ ಮೇಲೆ ಡಾಕ್ಟರದೊಂದು. ಎರಡು ವಾರದಲ್ಲಿ ಹೊಟ್ಟೆಯುರಿ ಶುರುವಾಯಿತು. ಮಲ ಟಾರಿನಂತೆ ಕಪ್ಪಗೆ ಹೋಗುತ್ತಿದ್ದದ್ದನ್ನು ಅವಳು ಯಾರಿಗೂ ಹೇಳಲಿಲ್ಲ, ಹೇಳುವಂಥ ಮಾತಲ್ಲ ಅದು ಅಂದುಕೊಂಡಳು. ಒಂದು ಮಧ್ಯಾಹ್ನ ಅರ್ಧ ಮಡಿಸಿದ ಹಾಳೆಯ ಮೇಲೆ ತಲೆ ಇಟ್ಟವಳು ಏಳಲಿಲ್ಲ.

ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತಂತೆ. ಆಸ್ಪತ್ರೆಯಲ್ಲಿ ಮೂರು ಬಾಟಲಿ ರಕ್ತ ಕೊಟ್ಟರು. “ನುಂಗ್ತಿದ್ದದ್ದನ್ನೆಲ್ಲ ತನ್ನಿ, ಒಂದೂ ಬಿಡಬೇಡಿ,” ಅಂದರು ಅಲ್ಲಿನ ಡಾಕ್ಟರಮ್ಮ. ಮೇಸ್ತ್ರಿಯ ಡ್ರಾಯರಿನಿಂದ ಒಂದು ಮಾತ್ರೆಪಟ್ಟಿ, ಮನೆಯಿಂದ ಡಾಕ್ಟರು ಬರೆದುಕೊಟ್ಟ ಮಾತ್ರೆ ಎತ್ತಿಕೊಂಡು ಓಡಿದೆ. ಒಂದನ್ನು ಆರು ವರ್ಷದಿಂದ ನುಂಗುತ್ತಿದ್ದಾಳೆ ಅಂದೆ. ಅವರು ಎರಡನ್ನೂ ಪಕ್ಕಪಕ್ಕ ಹಿಡಿದರು.

“ಹೆಸರು ಬೇರೆ, ಜಾತಿ ಒಂದೇ. ಎರಡೂ ಊತ ಇಳಿಸೋ ಮಾತ್ರೆಗಳೇ. ಜೊತೆಗೆ ತಗೋಬಾರ್ದು. ಒಂದೇ ಆದ್ರೂ ಡಾಕ್ಟ್ರಿಗೆ ಗೊತ್ತಿರ್ಬೇಕು, ಊಟ ಆದ್ಮೇಲೆ, ಆದಷ್ಟು ಕಡಿಮೆ ಪ್ರಮಾಣ, ಆದಷ್ಟು ಕಡಿಮೆ ದಿನ. ಬಿಪಿ, ಹೃದಯ, ಮೂತ್ರಪಿಂಡದ ತೊಂದ್ರೆ ಇದ್ರೆ ಕೇಳದೆ ಮುಟ್ಟಲೇಬಾರ್ದು. ವಯಸ್ಸಾದವರಿಗೆ ಹೊಟ್ಟೆ ಕಾಯೋಕೆ ಇನ್ನೊಂದು ಮಾತ್ರೆ ಬೇಕಾಗುತ್ತೆ. ಆರು ವರ್ಷ ಯಾರು ಕೊಟ್ಟಿದ್ದು ಇದನ್ನ?”



ಚಿಕ್ಕಮ್ಮ ಉಳಿದಳು. ಮೇಜಿಗೆ ಮರಳಲಿಲ್ಲ. ಅವಳ ಜಾಗದಲ್ಲಿ ನನ್ನನ್ನು ಕೂರಿಸಿದರು. ಪಠ್ಯಪುಸ್ತಕಗಳ ಅವಸರದ ಕಾಲ. ಮೂರನೆಯ ದಿನ ಬೆಳಿಗ್ಗೆ ಮೇಸ್ತ್ರಿ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದ.

“ಇನ್ಮೇಲೆ ನೀನೇ ಹಂಚು. ನಿನ್ನ ಮಾತು ಕೇಳ್ತಾರೆ.”

“ಇದು ಮಾತ್ರೆ ಮೇಸ್ತ್ರಿ. ಇವರ ಹೊಟ್ಟೇಲಿ ಏನಿದೆ, ಬಿಪಿ ಎಷ್ಟಿದೆ, ನಂಗೊತ್ತಾ ನಿಂಗೊತ್ತಾ?”

“ಓಹೋ, ಡಾಕ್ಟ್ರಮ್ಮ ಆಗ್ಬಿಟ್ಯಾ? ಹಂಚ್ತೀಯೋ, ಆಚೆ ಹೋಗ್ತೀಯೋ?”

ಎದುರಿಗೆ ಕೂತಿದ್ದ ದಪ್ಪಕ್ಕ ಆಗಲೇ ಅಂಗೈ ಚಾಚಿದ್ದಳು. ಬಿಪಿ ಮಾತ್ರೆ ನುಂಗುವವಳು ಅವಳು. “ಕೊಡೇ ತಾಯಿ, ಬೆರಳು ಬಗ್ಗೋದೇ ಇಲ್ಲ ಅಂತಿದೆ,” ಅಂದಳು. ನೋವು ಸುಳ್ಳಲ್ಲ. ಅವಳ ಬೆರಳುಗಳು ಗಂಟು ಕಟ್ಟಿದ್ದವು. ಆ ಅಂಗೈ ಮೇಲೆ ನನ್ನ ಕೈ ಇಟ್ಟು ಮಡಿಸಿದೆ.

“ಸಂಜೆ ಆಸ್ಪತ್ರೆಗೆ ಹೋಗೋಣ ಅಕ್ಕಾ. ನಾನೂ ಬರ್ತೀನಿ.”

“ಕೇಳಿಸ್ತಾ ಇಲ್ವಾ? ಹಂಚು!” ಮೇಸ್ತ್ರಿ ಕಿರುಚಿದ.

ನಾನು ಎದ್ದು ನಿಂತೆ. “ಹಂಚಲ್ಲ,” ಅಂದೆ.