ಬುಧವಾರದ ಬಾಟಲಿಗಳು

ಸುಕ್ಕು ತೆಗೆಯುವ ಮದ್ದು ಎಂದು ಅದನ್ನು ಆಡಿಕೊಂಡು ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದರ ಹೆಸರು ಬೊಟುಲಿನಮ್, ಕೆಟ್ಟುಹೋದ ಡಬ್ಬಿ ಆಹಾರದಲ್ಲಿ ಹುಟ್ಟಿ ಆಳನ್ನೇ ಕೊಲ್ಲುವ ವಿಷ. ಅದನ್ನೇ ಕಣದ ಕಣದಷ್ಟು ತೆಗೆದು ಬಿಗಿದುಕೊಂಡ ಸ್ನಾಯುವಿಗೆ ಚುಚ್ಚಿದರೆ ಸ್ನಾಯು ಸಡಿಲವಾಗುತ್ತದೆ. ಸುಮಾರು ಮೂರು ತಿಂಗಳು ನೆಮ್ಮದಿ, ಆಮೇಲೆ ಮತ್ತೆ ಸೂಜಿ.

ನನ್ನ ಅಕ್ಕನ ಕಣ್ಣು ನಿಂತಿದ್ದೇ ಅದರ ಮೇಲೆ. ಅವಳ ರೆಪ್ಪೆಗಳು ತಾವಾಗಿಯೇ ಬಿಗಿದು ಮುಚ್ಚಿಕೊಳ್ಳುತ್ತವೆ. ಶುರುವಿನಲ್ಲಿ ಯಾರೋ ಒಬ್ಬ, ಅವಳು ತನಗೇ ಕಣ್ಣು ಹೊಡೆದಳೆಂದುಕೊಂಡು ಎರಡು ಬೀದಿ ಹಿಂದೆ ಬಂದಿದ್ದ. "ಈ ವಯಸ್ಸಲ್ಲಿ ನನಗೂ ಒಬ್ಬ ಸಿಕ್ಕಿದ್ನಲ್ಲೇ!" ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಕಾರ್ಖಾನೆಯಲ್ಲಿ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ನಲವತ್ತು ಪದರ ಬಟ್ಟೆಯಲ್ಲಿ ಕರೆಂಟಿನ ಬ್ಲೇಡು ಓಡಿಸುವಾಗ ಕಣ್ಣು ಮುಚ್ಚಿದರೆ ಬೆರಳು ಹೋಯಿತೆಂದೇ ತಿಳಿಯಬೇಕು. ಇನ್ನೊಮ್ಮೆ ಕಣ್ಣು ಕೈಕೊಟ್ಟರೆ ಮನೆಗೆ ಕಳಿಸುತ್ತೇನೆ ಎಂದು ಮೇಲ್ವಿಚಾರಕ ಹೇಳಿಬಿಟ್ಟಿದ್ದ.

ಅವಳಿಗೆ ಆ ಸೂಜಿ ಹಾಕುವ ಕ್ಲಿನಿಕ್ಕಿನಲ್ಲಿ ನಾನು ನರ್ಸು. ಆ ಬಾಟಲಿ ನೋಡಿದರೆ ಖಾಲಿ ಅನ್ನಿಸುತ್ತದೆ. ತಳದಲ್ಲಿ ಪುಡಿಯ ತೆಳು ಪೊರೆ ಇರುತ್ತದೆ, ಅಷ್ಟೆ. ಅದಕ್ಕೆ ಸಲೈನ್ ಬಿಟ್ಟು, ಕುಲುಕದೆ, ಮೆಲ್ಲಗೆ ಹೊರಳಿಸಬೇಕು. ಸಲೈನ್ ಎಷ್ಟು ಬಿಟ್ಟೆವೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಗಟ್ಟಿಯಾಗಿದ್ದರೂ ತೆಳುವಾಗಿದ್ದರೂ ಅದು ಕಾಣುವುದು ನೀರಿನ ಹಾಗೆ.

ಮಂಗಳವಾರ ಹಣೆಯ ಸುಕ್ಕಿನವರು ಬರುತ್ತಾರೆ, ಬುಧವಾರ ಸ್ನಾಯು ಸೆಳೆತದ ರೋಗಿಗಳು. ಬುಧವಾರದವರಿಗೆ ಒಂದು ದತ್ತಿ ಸಂಸ್ಥೆ ತಲೆಗೊಂದರಂತೆ ಬಾಟಲಿ ಕಳಿಸುತ್ತದೆ. ಅಕ್ಕನ ಸರದಿಯ ದಿನ ಬೆಳಿಗ್ಗೆ ಫ್ರಿಜ್ ತೆರೆದರೆ ನಾಲ್ಕು ಇರಬೇಕಾದಲ್ಲಿ ಎರಡೇ ಇದ್ದವು. ಉಳಿದೆರಡು ಹಿಂದಿನ ದಿನದ ಹಣೆಗಳ ಪಾಲಾಗಿದ್ದವು.

"ಇರೋದನ್ನೇ ನಾಲ್ಕು ಜನಕ್ಕೆ ಮಾಡಿ" ಎಂದರು ಡಾಕ್ಟರು, ಕೈ ತೊಳೆಯುತ್ತ.

ನನಗೆ ಪಿತ್ತ ನೆತ್ತಿಗೇರಿತು. "ಹೊರಗೆ ನಮ್ಮಕ್ಕ ಕೂತಿದಾಳೆ ಸರ್. ತೆಳು ಮದ್ದು ಹಾಕಿದ್ರೆ ಅವಳ ಕೆಲಸ ಹೋಗುತ್ತೆ. ಯಾರದೋ ಹಣೆ ನುಣ್ಣಗಾಗ್ಲಿ ಅಂತ ಅವಳ ಕಣ್ಣು ಕಿತ್ಕೋತೀರಾ? ನಾಚಿಕೆ ಆಗಲ್ವಾ ನಿಮಗೆ?"

ಅವರು ರೇಗಲೇ ಇಲ್ಲ. ಬೆರಳು ಬೆರಳನ್ನೂ ಒರೆಸಿಕೊಂಡರು. "ಅಯ್ಯೋ, ನಿಮ್ಮಕ್ಕಂಗೆ ಎಂದಿನ ಹಾಗೆ ಪೂರ್ತಿ ಹಾಕ್ಕೊಳ್ಳಿ. ಎರಡು ವರ್ಷದಿಂದ ಹಾಗೇ ಮಾಡ್ತಿದೀರಲ್ಲ, ನಾನೇನು ನೋಡಿಲ್ವಾ? ಉಳಿದೊಂದು ಬಾಟಲಿ ಮೂವರಿಗೆ ಸಾಕು."

ನಿಜ, ಬಾಟಲಿ ಕಡಿಮೆಯಾದಾಗಲೆಲ್ಲ ಅಕ್ಕನದನ್ನು ಗಟ್ಟಿಯಾಗಿ ಕಲಸಿ ಬೇರೆ ಇಟ್ಟವಳು ನಾನು. ಉಳಿದವರಿಗೆ ನೀರು ಬೆರೆಸಿದ ಕೈಯೂ ನನ್ನದೇ. ಡಾಕ್ಟರ ಮೇಲಿನ ಸಿಟ್ಟು ಇಳಿಯಲಿಲ್ಲ, ಆದರೆ ಅದರ ಜೊತೆಗೆ ನನ್ನ ಮೇಲೂ ಅಸಹ್ಯ ಹುಟ್ಟಿತು.

ಎರಡೂ ಬಾಟಲಿ ಹಿಡಿದು ಹೊರಗೆ ಬಂದೆ. ಬೆಂಚಿನ ಮೇಲೆ ಸಾಲಾಗಿ ನಾಲ್ವರು: ಕತ್ತು ಭುಜಕ್ಕೆ ತಿರುಚಿಕೊಂಡ ಸಂಗೀತದ ಮೇಷ್ಟ್ರು, ಲಕ್ವ ಹೊಡೆದ ಮೇಲೆ ಮುಷ್ಟಿ ಬಿಚ್ಚಲಾಗದ ಬಡಗಿ, ಅಕ್ಕ, ದವಡೆ ಬಿಗಿದ ಒಬ್ಬ ಅಂಚೆಯವನು.

"ಇಲ್ಲಿರೋದು ಇಬ್ಬರಿಗಾಗುವಷ್ಟು ಮದ್ದು" ಎಂದೆ. "ನಿಮ್ಮ ಪಾಲಿಂದು ನಿನ್ನೆ ಬೇರೆಯವರಿಗೆ ಹೋಗಿದೆ. ಎರಡು ವರ್ಷದಿಂದ ಆಗಾಗ ಹೀಗೇ ಹೋಗಿದೆ. ಆಗೆಲ್ಲ ನಾನು ನಿಮಗೆ ಕಲಸಿಕೊಟ್ಟಿದ್ದು ಬರೀ ತೆಳು ನೀರು."

ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ಕಾದೆ. ಮೇಷ್ಟ್ರು ಕತ್ತು ತಿರುಗಿಸಲಾರದೆ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದರು.

"ಹಾಗಾದ್ರೆ ನನ್ನ ಮೈಯಲ್ಲೇನೂ ದೋಷ ಇಲ್ವೇನಮ್ಮಾ?" ಎಂದರು. ಆ ಮುಖದಲ್ಲಿ ಸಂತೋಷವಿತ್ತು. "ಮದ್ದು ಹಿಡೀತಿಲ್ಲ, ನಿಮ್ಮ ದೇಹ ಅದಕ್ಕೆ ಒಗ್ಗಿಬಿಟ್ಟಿರಬೇಕು ಅಂದಿದ್ರಲ್ಲ ನೀವು. ನಂದೇ ಏನೋ ತಪ್ಪು ಅಂತ ಕಾಫಿ ಬಿಟ್ಟೆ. ಪಾಠ ಹೇಳೋದೂ ಬಿಟ್ಟೆ."

ನಾನು ಎರಡೂ ಬಾಟಲಿಗಳನ್ನು ಅವರ ಮುಂದೆ ಚಾಚಿದೆ.

"ಸಾಲಿನ ಪ್ರಕಾರ ಹಾಕು" ಎಂದಳು ಅಕ್ಕ. ಅವಳು ಮೂರನೆಯವಳು. ನಾಲ್ವರೂ ಒಳಗೇ ಬಂದು ನಿಂತದ್ದರಿಂದ ಡಾಕ್ಟರು ಬೇರೆ ದಾರಿಯಿಲ್ಲದೆ ಮೇಷ್ಟ್ರಿಗೂ ಬಡಗಿಗೂ ಪೂರ್ತಿ ಮದ್ದು ಚುಚ್ಚಿದರು. ಅಂಚೆಯವನು ದತ್ತಿ ಸಂಸ್ಥೆಗೆ ದೂರು ಬರೆಯಲು ನನ್ನ ಹತ್ತಿರವೇ ಪೆನ್ನು ಕೇಳಿದ. ತಪ್ಪಿತಸ್ಥರಲ್ಲಿ ಮೊದಲು ನನ್ನ ಹೆಸರು ಬರೆಯಲು ಹೇಳಿದೆ.

ಮನೆಗೆ ಹೋಗುವಾಗ ಅಕ್ಕ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಅರ್ಧ ದಾರಿಗೆ ಬಂದಾಗ ಕೇಳಿದಳು.

"ಎರಡು ವರ್ಷ ನಾನು ಕಣ್ಣು ಬಿಟ್ಟಿದ್ದು ಆ ಮೇಷ್ಟ್ರ ಪಾಲಿನಿಂದಲಾ?"

"ಹೂಂ, ಅಕ್ಕಾ."

ಅವಳು ನನ್ನ ಕೈ ಬಿಟ್ಟಳು. ಒಂದು ಬೆರಳಿನಿಂದ ಬಲಗಣ್ಣಿನ ರೆಪ್ಪೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಗೋಡೆ ತಡವುತ್ತ, ಒಬ್ಬಳೇ ಮುಂದೆ ನಡೆದಳು.